ಹ್ಞೂಂ ಅಂದುಬಿಟ್ಟ ಮಾತು

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗಡಿಬಿಡಿಯಣ್ಣ. ನಿಂತಲ್ಲಿ ನಿಲ್ಲುವ ಜೀವವಲ್ಲ ಅದು. ಬಾಡಿಗೆ ಇಲ್ಲದಾಗ ಬಾನೆಟ್ ಒರೆಸುವನು, ಒರೆಸಿದ ಮೇಲೆ ಟೈರಿಗೆ ಒದ್ದು ನೋಡುವನು, ಒದ್ದ ಮೇಲೆ ಮತ್ತೆ ಬಟ್ಟೆ ಹಿಡಿಯುವನು. ಆ ವರ್ಷವಂತೂ ಅವನ ಕಾಲಿಗೆ ನೆಲವೇ ತಾಗುತ್ತಿರಲಿಲ್ಲ. ಹಳೆಯ ಡೀಸೆಲ್ ಟ್ಯಾಕ್ಸಿಗಳೆಲ್ಲ ವರ್ಷ ಮುಗಿಯುವುದರೊಳಗೆ ರಸ್ತೆ ಬಿಟ್ಟಿಳಿಯಬೇಕೆಂದು ಆಜ್ಞೆಯಾಗಿತ್ತು. ಬದಲಿಗೆ ಯಾವ ಗಾಡಿ ಎಂಬುದು ಬಗೆಹರಿಯದೆ, ಬೆಳಿಗ್ಗೆ ಕರೆಂಟಿನದು, ಮಧ್ಯಾಹ್ನ ಪೆಟ್ರೋಲಿನದು, ಸಂಜೆ ಎರಡೂ ಇರುವ ಹೈಬ್ರಿಡ್ ಎಂದು ಅವನ ಮನಸ್ಸು ಗಾಳಿಗೆ ಸಿಕ್ಕ ಕಾಗದದಂತೆ ಹಾರಾಡುತ್ತಿತ್ತು.

ಹೈಬ್ರಿಡ್ ಕೊಂಡವರು ತಲೆಗೊಂದು ಕಾರಣ ಹೇಳುತ್ತಿದ್ದರು. ಊರೊಳಗಿನ ನಿಂತು ನಿಂತು ಹೋಗುವ ಓಟಕ್ಕೆ ಅದರ ಮೈಲೇಜನ್ನು ಮೀರಿಸುವ ಗಾಡಿಯಿಲ್ಲ ಎಂದನೊಬ್ಬ. ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಎಂದು ಇನ್ನೊಬ್ಬ. ಬರೀ ಕರೆಂಟಿನ ಗಾಡಿಯಾದರೆ ಗಲ್ಲಿಯೊಳಗೆ ಮೂರನೇ ಮಹಡಿಯಲ್ಲಿ ಮನೆ ಇದ್ದವನಿಗೆ ಚಾರ್ಜು ಹಾಕಲು ಜಾಗವೆಲ್ಲಿ, ಬೆಟ್ಟದ ದಾರಿಯ ನಡುವೆ ಬ್ಯಾಟರಿ ಕೈಕೊಟ್ಟರೆ ಗತಿಯೇನು ಎಂದು ಮಗದೊಬ್ಬ. ಗಡಿಬಿಡಿಯಣ್ಣನ ಮನೆಯೂ ಅಂಥ ಗಲ್ಲಿಯಲ್ಲೇ ಇದ್ದುದರಿಂದ ಆ ಮಾತು ನಾಟಿತು. ಆದರೆ ಸ್ಟ್ಯಾಂಡಿನ ಹಿರಿಯನೊಬ್ಬ ಅಷ್ಟಕ್ಕೂ ತಣ್ಣೀರು ಎರಚಿದ.

"ಎರಡು ಎಂಜಿನ್ ಅಂದ್ರೆ ಎರಡು ಸಂಸಾರ ಇದ್ದ ಹಾಗೆ ಕಣೋ. ಯಾವುದು ಯಾವಾಗ ಮುನಿಸ್ಕೊಳ್ಳುತ್ತೋ."

ನಮ್ಮವನಿಗೆ ಇದ್ದದ್ದು ಒಂದೇ ಸಂಸಾರ. ಅದು ಮುನಿಸಿಕೊಂಡದ್ದು ಅವನಿಗೆ ತಿಳಿದೇ ಇರಲಿಲ್ಲ.

ಅವನ ಹೆಂಡತಿ ಆಸ್ಪತ್ರೆಯೊಂದರಲ್ಲಿ ಒಗೆದು ಬಂದ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಅವಳನ್ನು ಆಸ್ಪತ್ರೆಯ ಹಿಂಬಾಗಿಲಿಗೆ ಇಳಿಸಿಯೇ ಅವನು ಮೊದಲ ಬಾಡಿಗೆ ಹಿಡಿಯುತ್ತಿದ್ದದ್ದು. ಎರಡು ಕೋಣೆಯ ಮನೆ, ಮಗ, ಸೊಸೆ, ಮೊಮ್ಮಕ್ಕಳು, ಬಾಯಿ ಮುಚ್ಚದ ಟೀವಿ. ಗಂಡಹೆಂಡಿರಿಬ್ಬರಿಗೆ ಅಂತ ಉಳಿದಿದ್ದದ್ದು ಆ ಬೆಳಗಿನ ದಾರಿಯೊಂದೇ. ಹಿಂದಿನ ವರ್ಷ ಅವಳ ಗಂಟಲಿನ ಗಂಟು ತೆಗೆದರು. ಗಂಟಿನ ಜೊತೆ ದನಿಯೂ ಹೋಯಿತು. ಉಳಿದದ್ದು ಉಸಿರಿನಷ್ಟೇ ತೆಳುವಾದ ಪಿಸುಮಾತು. ಮೊದಮೊದಲು ಅವನು ಡೀಸೆಲ್ ಗಾಡಿಯ ಗಡಗಡದ ನಡುವೆ "ಏನಂದೆ? ಏನಂದೆ?" ಎಂದು ಕೇಳುತ್ತಿದ್ದ. ಅವಳು ಕುತ್ತಿಗೆಯ ನರ ಬಿಗಿದು ಮತ್ತೆ ಹೇಳುತ್ತಿದ್ದಳು. ಗಂಟಲಿಗೆ ಶ್ರಮ ಕೊಡಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಆ ನರ ನೋಡಲಾರದೆ ಅವನು ಕೇಳುವುದನ್ನೇ ಬಿಟ್ಟ. ಅವಳ ತುಟಿ ನಿಂತಾಗ "ಹ್ಞೂಂ" ಅನ್ನುವುದು, ಗೇರ್ ಬದಲಿಸುವುದು. ಹಾಗೇ ವರ್ಷ ಕಳೆಯಿತು. ಕನಿಕರದಿಂದ ಶುರುವಾದದ್ದು ಯಾವಾಗ ಅಭ್ಯಾಸವಾಯಿತೋ ಭಗವಂತನಿಗೇ ಗೊತ್ತು.

ಒಂದು ಸಂಜೆ ಮನೆಗೆ ಬಂದರೆ ಮಂಚದ ಮೇಲೆ ಚೀಲ ಬಾಯ್ತೆರೆದು ಕೂತಿತ್ತು. ಅವಳು ಸೀರೆಗಳನ್ನು ಆಸ್ಪತ್ರೆಯ ಅಚ್ಚುಕಟ್ಟಿನಲ್ಲಿ ಮಡಿಸಿ ತುಂಬುತ್ತಿದ್ದಳು. ಎಲ್ಲಿಗೆ ಎಂದು ಕೇಳಿದ. ಅವಳು ಅವನ ಕಿವಿಯ ಹತ್ತಿರ ಬಂದಳು.

"ತಂಗಿ ಮನೆಗೆ. ಇನ್ನು ಅಲ್ಲೇ ಇದ್ದುಬಿಡ್ಲಾ ಅಂತ ಕೇಳಿದ್ದಕ್ಕೆ ನೀವೇ ಹ್ಞೂಂ ಅಂದ್ರಲ್ಲ."

ಕೇಳಿಸಲಿಲ್ಲ ಎನ್ನೋಣವೆಂದರೆ, ವರ್ಷದ ಹ್ಞೂಂಗಳೆಲ್ಲ ಒಟ್ಟಿಗೆ ಎದ್ದು ನಿಂತು ಸುಳ್ಳಾಗುತ್ತಿದ್ದವು. ಕೇಳಿಸಿತ್ತು ಎನ್ನೋಣವೆಂದರೆ ಹೆಂಡತಿಯನ್ನು ತಾನೇ ಹೊರಗೆ ಕಳಿಸಿದಂತಾಗುತ್ತಿತ್ತು. ಯಾವಾಗ ಎಂದಷ್ಟೇ ಕೇಳಿದ. ಭಾನುವಾರ ತಂಗಿಯ ಗಂಡ ಕರೆದೊಯ್ಯಲು ಬರುತ್ತಾನಂತೆ. ಆಮೇಲಿನ ದಿನಗಳಲ್ಲಿ ಅವನು ತಪ್ಪು ತಿರುವು ಹಿಡಿದ, ಇಳಿಸಬೇಕಾದವರನ್ನು ದಾಟಿಸಿಕೊಂಡು ಹೋದ, ಒಬ್ಬರ ಪೆಟ್ಟಿಗೆಯನ್ನು ಡಿಕ್ಕಿಯಲ್ಲೇ ಉಳಿಸಿಕೊಂಡು ಅರ್ಧ ಊರು ಸುತ್ತಿದ. ಬೆಳಗಿನ ದಾರಿಯಲ್ಲಿ ಅವಳೂ ಸುಮ್ಮನಾದಳು. ಹ್ಞೂಂ ಅನ್ನಲಿಕ್ಕೂ ಅವನಿಗೆ ಏನೂ ಉಳಿಯಲಿಲ್ಲ.

ಶನಿವಾರ ಷೋರೂಮಿನವರು ಹೈಬ್ರಿಡ್ ಓಡಿಸಿ ನೋಡಲು ಕರೆದಿದ್ದರು. ಏನು ತೋಚಿತೋ, ನೀನೂ ಬಾ ಎಂದ. ಅವಳು ಬೇಡವೆನ್ನದೆ ಬಂದು ಹಿಂದೆ ಕೂತಳು. ಅವನ ಪಕ್ಕದಲ್ಲಿ ಟೈ ಕಟ್ಟಿದ ಮಾರಾಟದವನು. ಆತ ಮೈಲೇಜಿನ ಪಾರಾಯಣ ಶುರುಮಾಡಿದ.

ಮೊದಲ ಸಿಗ್ನಲ್ ಕೆಂಪಾಯಿತು. ಗಾಡಿ ನಿಂತಿತು, ನಿಂತದ್ದೇ ತಡ, ಎಂಜಿನ್ನಿನ ಸದ್ದೂ ನಿಂತಿತು. ಸ್ಟಿಯರಿಂಗಿನಲ್ಲಿ ನಡುಕವಿಲ್ಲ, ಪಾದದಡಿ ಮಿಡಿತವಿಲ್ಲ. ಗಾಡಿ ಬಂದ್ ಬಿತ್ತು ಎಂದುಕೊಂಡು ಗಾಬರಿಯಲ್ಲಿ ಅವನು ಸ್ಟಾರ್ಟ್ ಗುಂಡಿ ಒತ್ತಿಯೇಬಿಟ್ಟ. ಮುಂದಿನ ಪರದೆ ಕಪ್ಪಾಯಿತು. ದೀಪ ಹಸಿರಾಯಿತು, ಹಿಂದಿನ ಹಾರ್ನುಗಳು ಬಾಯಿಬಡಿದುಕೊಂಡವು.

"ಸರ್, ಗಾಡಿ ಚಾಲೂ ಇತ್ತು. ಈಗ ನೀವು ಆಫ್ ಮಾಡಿದ್ರಿ," ಎಂದ ಮಾರಾಟದವನು.

"ಸದ್ದೇ ಇರಲಿಲ್ವಲ್ಲಪ್ಪ."

"ಸದ್ದಿಲ್ದಿದ್ರೂ ಇರುತ್ತೆ ಸರ್."

ಸದ್ದಿಲ್ಲದೆ ಇರುವವನು ದೇವರೊಬ್ಬನೇ ಎಂದು ನಂಬಿದ್ದವನು ನಾಚಿಕೊಂಡು ಮತ್ತೆ ಗಾಡಿ ಹೊರಡಿಸಿದ. ಎರಡನೆಯ ಸಿಗ್ನಲ್ಲಿನಲ್ಲಿ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತ. ಮೌನ ಬಂತು. ಆ ಮೌನದೊಳಗೆ, ಬೆನ್ನಿನ ಹಿಂದೆ ಏನೋ ಸರಸರ ಎಂದಿತು. ಅವಳು ನಗುತ್ತಿದ್ದಳು. ಆಪರೇಷನ್ನಿನ ನಂತರ ಅವಳ ನಗು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

ಮಾರಾಟದವನು ಬ್ಯಾಟರಿಯ ವಾರಂಟಿಯ ಮಾತಿಗೆ ಬಂದಿದ್ದ. "ಸ್ವಲ್ಪ ತಡಿಯಪ್ಪ," ಎಂದ ಗಡಿಬಿಡಿಯಣ್ಣ, "ನಮ್ಮನೆಯವರು ಏನೋ ಹೇಳ್ತಿದ್ದಾರೆ."

"ನಿಮ್ಮ ನೀಲಿ ಅಂಗೀನ ನೆಲ ಒರೆಸೋಕೆ ತಗೊಳ್ಲಾ ಅಂದೆ ಒಂದಿನ," ಎಂದಿತು ಪಿಸುಮಾತು. "ಹ್ಞೂಂ ಅಂದ್ರಿ. ಆಮೇಲೆ ಮನೆಯೆಲ್ಲ ಅಂಗಿ ಹುಡುಕಿದ್ರಿ. ಕೇಳಿಸದೇನೇ ಹ್ಞೂಂ ಅಂತೀರಿ ಅಂತ ಅವತ್ತೇ ಗೊತ್ತಾಯ್ತು."

ಅವನು ಕನ್ನಡಿಯಲ್ಲಿ ಅವಳ ಮುಖ ಹುಡುಕಿದ. "ಮತ್ತೆ ತಂಗಿ ಮನೆ ಮಾತು?"

"ಅದು ನಿಜವಾಗ್ಲೂ ಕೇಳಿದ್ದು. ಅಷ್ಟಾದ್ರೂ ಕೇಳಿಸುತ್ತೇನೋ ಅಂತ." ಅವಳು ಉಸಿರು ತೆಗೆದುಕೊಂಡಳು. "ಅವಳ ಮನೇಲಿ ಸದ್ದಿಲ್ಲ ರೀ. ಮಾತಾಡಿದ್ರೆ ಯಾರಾದ್ರೂ ತಿರುಗಿ ನೋಡ್ತಾರೆ. ಈಗ ಹೇಳಿ. ಅಲ್ಲೇ ಇದ್ದುಬಿಡ್ಲಾ?"

"ಊಹ್ಞೂಂ," ಎಂದ ಅವನು.

ಅಷ್ಟು ಸಾಲದೆಂದು ಅವನಿಗೇ ಅನ್ನಿಸಿತು. ಹ್ಞೂಂ ಎಷ್ಟು ಹಗುರವೋ ಊಹ್ಞೂಂ ಕೂಡ ಅಷ್ಟೇ ಹಗುರ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ.

"ನಿಂಗೆ ಗಂಟಲು ನೋಯುತ್ತೆ ಅಂತ ಕೇಳೋದು ಬಿಟ್ಟೆ ಕಣೇ. ಕೇಳದೆ ಇದ್ರೆ ಎಲ್ಲಿ ನೋಯುತ್ತೆ ಅಂತ ಗೊತ್ತಾಗ್ಲಿಲ್ಲ. ಹೋಗ್ಬೇಡ. ಇರು."

ಅವಳ ತುಟಿ ಅಲುಗಿತು. ಅಷ್ಟರಲ್ಲಿ ಹಿಂದಿನಿಂದ ಹಾರ್ನು. ಮಾರಾಟದವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ಹಸಿರಾಯಿತೆಂದು ಬಹಳ ಮೆತ್ತಗೆ ಹೇಳಿದ. ಗಾಡಿ ಮುಂದಕ್ಕೆ ಜಿಗಿಯಿತು, ಏರಿನಲ್ಲಿ ಎಂಜಿನ್ ಎದ್ದು ಗುರ್ ಎಂದಿತು, ಅವಳ ಉತ್ತರ ಅದರೊಳಗೆ ಕರಗಿತು.

"ಏನಂದೆ?" ಎಂದು ಕೇಳಿದ.

ಅವಳು ಗಂಟಲು ಬಿಗಿಯಲಿಲ್ಲ. ಮುಂದಿನ ಸಿಗ್ನಲ್ ಬರಲಿ ಎಂದು ಕೈಸನ್ನೆ ಮಾಡಿ ಸೀಟಿಗೆ ಒರಗಿದಳು. ಆದರೆ ಮುಂದಿನದು ಹಸಿರಾಗಿತ್ತು, ಅದರ ಮುಂದಿನದೂ ಹಸಿರು.

"ಜಾಸ್ತಿ ಸಿಗ್ನಲ್ ಇರೋ ದಾರಿ ಯಾವುದಪ್ಪ ಇಲ್ಲಿ?" ಎಂದು ಅವನು ಮಾರಾಟದವನನ್ನು ಕೇಳಿದ.