ಮುಳುಗಿದ ಕರಡಿಗೆ

ಈಜಾಟದಲ್ಲಿ ಕಾಲು ಹಿಡಿದು ಎಳೆದಿದ್ದರೆ ಏನೂ ಆಗುತ್ತಿರಲಿಲ್ಲ. ಜಡೆಪ್ಪನ ಹಾಳು ಕೈ ಹೋಗಿ ಬಿದ್ದದ್ದು ಮರುಳಸಿದ್ದಪ್ಪನ ಕೊರಳಿಗೆ. ನೀರೊಳಗೆ ಬೆರಳಿಗೆ ದಾರ ಸಿಕ್ಕಿತು, ಪಟ್ಟನೆ ಹರಿಯಿತು. ಇಬ್ಬರೂ ನಗುತ್ತಲೇ ಮೇಲೆ ಬಂದರು. ಮರುಳಸಿದ್ದಪ್ಪ ಎದೆ ಮುಟ್ಟಿ ನೋಡಿಕೊಂಡ. ಶಿವದಾರವಿಲ್ಲ, ಅದಕ್ಕೆ ಕಟ್ಟಿದ್ದ ಬೆಳ್ಳಿ ಕರಡಿಗೆಯಿಲ್ಲ, ಕರಡಿಗೆಯೊಳಗಿನ ಇಷ್ಟಲಿಂಗವೂ ಇಲ್ಲ.

"ದಾರ ಹಳೇದಾಗಿತ್ತೇನೋಲೇ," ಅಂದುಬಿಟ್ಟ ಜಡೆಪ್ಪ. ಆ ಸುಳ್ಳು ಬಾಯಿಂದ ಹೆಂಗೆ ಜಾರಿತೋ ಅವನಿಗೇ ಗೊತ್ತಾಗಲಿಲ್ಲ.

ಹೊಸಪೇಟೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಎಸ್ಸೆಸ್ಸೆಲ್ಸಿ ಬರೆದ ಮೂವರು ಅವರು. ಮದ್ರಾಸಿನಿಂದ ಫಲಿತಾಂಶ ಬರುವುದಕ್ಕೆ ಇನ್ನೂ ತಿಂಗಳಿತ್ತು. ಶನಿವಾರ, ಭಾನುವಾರ ಮನಸೋ ಇಚ್ಛೆ ಈಜೋಣ ಅಂತ ಬಂಡ್ರಿಯಿಂದಾಚೆ ಗುಡ್ಡದ ಮಗ್ಗುಲಿನ ಈ ಕೆರೆಗೆ ಬಂದಿದ್ದರು. ಸುತ್ತ ಎಂಟು ಮೈಲಿ ನರಪಿಳ್ಳೆಯಿಲ್ಲ. ಗಾಡಿ ತಿರುಗಿ ಬರುವುದು ಸೋಮವಾರ.

ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಮರುಳಸಿದ್ದಪ್ಪ ಎಂಟು ವರ್ಷದವನಿದ್ದಾಗ ಲಿಂಗ ಕಟ್ಟಿಸಿಕೊಂಡವನು. ಲಿಂಗಪೂಜೆಯಾಗದೆ ಅವನ ಗಂಟಲಿಗೆ ಹನಿ ನೀರು ಇಳಿದದ್ದಿಲ್ಲ. "ನಡೀಲೇ, ಊರಿಗೆ ಹೋಗೋಣು," ಅಂತ ಜಡೆಪ್ಪ ಎಷ್ಟು ಗೋಗರೆದರೂ ದಂಡೆ ಬಿಟ್ಟು ಏಳಲಿಲ್ಲ. "ಸ್ವಾಮಿ ಇಲ್ಲೇ ಅದಾನ. ನಾ ಬಿಟ್ಟು ಹೆಂಗ ಬರ್ಲಿ?"

ಬೇರೆ ಲಿಂಗ ಕಟ್ಟಬೇಕೆಂದರೆ ಮಠದ ಅಯ್ಯನವರೇ ಬರಬೇಕು. ದಾರ ಹರಿದದ್ದು ಶನಿವಾರ ಇಳಿಹೊತ್ತಿಗೆ, ಕತ್ತಲಾದರೆ ಆ ದಾರಿಯಲ್ಲಿ ಚಿರತೆ ಕಾಟ. ಹಾಗಾಗಿ ಮೂರನೆಯವನು ಪಾಲಪ್ಪ, ಕುರಿ ಸಾಕುವ ಮನೆಯವನು, ಭಾನುವಾರ ಬೆಳಕು ಹರಿಯುತ್ತಲೇ ಅಯ್ಯನವರನ್ನು ಕರೆತರಲು ಬಂಡ್ರಿ ಕಡೆ ಓಡಿದ. ಅವನು ಬರುವುದು ಸಂಜೆಗೇ.

ಜಡೆಪ್ಪ ಬೆಳಿಗ್ಗೆಯಿಂದ ಮುಳುಗಿದ್ದೇ ಮುಳುಗಿದ್ದು. ಮುಳುಗಿದಾಗೆಲ್ಲ ಕೈಗೆ ಬಂದದ್ದು ಕೆಸರು, ಕಪ್ಪೆಚಿಪ್ಪು. ಅವನೂ ಲಿಂಗವಂತರ ಮನೆಯವನೇ. ಬಂಡೆ ಹಿಂದೆ ಹೋಗಿ ತನ್ನ ಪೂಜೆ ಮುಗಿಸಿ, ಕಳ್ಳನಂತೆ ನೀರು ಕುಡಿದು ಬಂದಿದ್ದ. ಥೂ, ಎಂಥಾ ಬಾಳ್ವೆ ಅನ್ನಿಸಿತ್ತು.

ನಡುಮಧ್ಯಾಹ್ನಕ್ಕೆ ಬಿಸಿಲು ಬಂಡೆಗಳನ್ನು ಹಂಚಿನಂತೆ ಕಾಯಿಸಿತು. ಜಾಲಿಯ ನೆರಳಲ್ಲಿ ಮಲಗಿದ್ದ ಮರುಳಸಿದ್ದಪ್ಪನ ತುಟಿ ಒಡೆದು ರಕ್ತ ಬಂದಿತ್ತು. ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. "ಅವ್ವಾ, ಗಿರಣಿ ನಿಲ್ಸು," ಅಂತ ಏನೇನೋ ಬಡಬಡಿಸಿದ. ಜಡೆಪ್ಪ ತಂಬಿಗೆ ಬಾಯಿಗಿಟ್ಟರೆ ಹಲ್ಲು ಕಚ್ಚಿದ. ನೀರು ಗದ್ದದ ಮೇಲೆ ಹರಿದು ಹೋಯಿತು.

ಸಂಜೆತನಕ ಇವನು ಉಳಿಯುವುದಿಲ್ಲ, ಕೊಂದವನು ನಾನೇ ಅಂತ ಜಡೆಪ್ಪನಿಗೆ ಖಾತ್ರಿಯಾಯಿತು.

ಬಂಡೆ ಹಿಂದೆ ಹೋಗಿ ಕೊರಳಿನ ಗಂಟು ಬಿಚ್ಚಿದ. ಅರಿವೆಯಲ್ಲಿ ಸುತ್ತಿದ್ದ ತನ್ನ ಲಿಂಗವನ್ನು ಈಚೆ ತೆಗೆದ. "ತಪ್ಪಾತಪ್ಪಾ, ತಪ್ಪಾತು," ಅನ್ನುತ್ತಾ ಅದಕ್ಕೆ ಕೆಸರು ಮೆತ್ತಿದ. ಬರಿಗೊರಳು ಕಾಣದಂತೆ ಟವೆಲ್ಲು ಸುತ್ತಿಕೊಂಡು ಓಡಿದ.

"ಸಿಕ್ತಲೇ ಸಿದ್ದಾ! ಕರಡಗಿ ಬಾಯಿ ಬಿಟ್ಟಿತ್ತು. ಸ್ವಾಮಿ ಒಬ್ಬಾತ ಸಿಕ್ಕಾನ ನೋಡು!"

ಮರುಳಸಿದ್ದಪ್ಪ ಎಲ್ಲಿತ್ತೋ ಆ ಶಕ್ತಿ, ಎದ್ದು ಕೂತ. ತಂಬಿಗೆ ನೀರಿನಲ್ಲಿ ಕೆಸರು ತೊಳೆದ. ಎಡಗೈ ಅಂಗೈಯಲ್ಲಿ ಲಿಂಗವಿಟ್ಟು ದಿಟ್ಟಿಸಿದ. ದಿನಾ ಬೆಳಿಗ್ಗೆ ಅಷ್ಟು ವರ್ಷ ದಿಟ್ಟಿಸಿದ ಕಣ್ಣು ಅದು. ಜಡೆಪ್ಪ ತಂಬಿಗೆಗೆ ಮತ್ತೆ ನೀರು ತುಂಬಿಕೊಂಡು ನಿಂತ. ಅವನು ನೀರು ಕುಡಿದರೆ ಸಾಕಿತ್ತು, ತಾನು ಸಂಜೆತನಕ ಒಣಗಿದರೂ ಚಿಂತೆಯಿರಲಿಲ್ಲ.

"ಬಾ ಇಲ್ಲಿ," ಅಂದ ಮರುಳಸಿದ್ದಪ್ಪ. ಹತ್ತಿರ ಬಂದವನ ಟವೆಲ್ಲು ಎಳೆದ. ಬರಿಗೊರಳು ಕಂಡಿತು. ಅರಿವೆ ಕೇಳಿ ಇಸಿದುಕೊಂಡು, ಲಿಂಗ ಸುತ್ತಿ, ಜಡೆಪ್ಪನ ಕೊರಳಿಗೆ ಕಟ್ಟಿ ಗಂಟು ಹಾಕಿದ.

"ನಾ ಕುಡೀಲಿಲ್ಲಂದ್ರ ನೀ ಇದನ್ನ ಮತ್ತ ಬಿಚ್ತೀ. ತಂಬಿಗಿ ಕೊಡು."

"ಪೂಜಿ ಇಲ್ದ ಕುಡೀತೀಯೇನ್ಲೇ?"

"ಕೊಡಂದ್ರ ಕೊಡು."

ಕಣ್ಣು ಮುಚ್ಚಿ ಕುಡಿದ. ಕುಡಿಯುತ್ತಾ ಅತ್ತ. ತಂಬಿಗೆ ಕೆಳಗಿಟ್ಟು, ಮಾರಿ ಕೆರೆ ಕಡೆ ಮಾಡಿ ಕೂತ.

"ದಾರ ಹಳೇದಲ್ಲ ಜಡೆಪ್ಪ. ಹೋದ ಸೋಮಾರ ಅವ್ವ ಹೊಸಾದು ಹೊಸೆದು ಕೊಟ್ಟಿದ್ಲು."

ಜಡೆಪ್ಪ ಅವನ ಎದುರಿಗೆ ಬಂದು ಕೂತ. "ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ಅಂದಿದ್ರ ನೀ ನೀರಾಗಿಂದ ಮ್ಯಾಲೆ ಬರ್ತಿದ್ದಿಲ್ಲ." ಮರುಳಸಿದ್ದಪ್ಪ ತಂಬಿಗೆಯಲ್ಲಿ ಉಳಿದ ನೀರನ್ನು ಅವನ ಮುಂದೆ ಸರಿಸಿದ. "ಮುಂಜಾನಿಂದ ಮುಳುಗೀದಿ. ಕುಡಿ."

ಜಡೆಪ್ಪ ತಂಬಿಗೆ ಎತ್ತಿದ. ಒಂದು ಗುಟುಕೂ ಒಳಗಿಳಿಯಲಿಲ್ಲ.