ಅಡುಗೆಮನೆಯ ಸಿಂಕು ಮತ್ತು ಬೊಳ್ಳಿ ದನ

ನಮ್ಮ ಸಿಂಕು ನಾರಲು ಶುರುವಾದದ್ದು ಅಣ್ಣನ ಮದುವೆಯಾದ ಮೇಲೆ. ಹಾಗಾಗಿ ಅಮ್ಮನಿಗೆ ತೀರ್ಪು ಕೊಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಸ ಸೊಸೆಯ ಕೂದಲು.

ಅಣ್ಣ ಮನೀಷ್ ರಜೆ ಮುಗಿಸಿ ಕತಾರಿಗೆ ಹೋಗಿಬಿಟ್ಟ. ನವ್ಯಾ ಅತ್ತಿಗೆ ಸೊಂಟದವರೆಗಿನ ಜಡೆಯೊಂದಿಗೆ ಸಿದ್ಧಕಟ್ಟೆಯ ಈ ಮನೆಯಲ್ಲಿ ಅಮ್ಮನ ಕೈಕೆಳಗೆ ಉಳಿದರು. ಸಿಂಕಿನಲ್ಲಿ ನೀರು ನಿಂತಾಗಲೆಲ್ಲ ಅಮ್ಮ ಆ ಜಡೆಯನ್ನು ನೋಡುತ್ತಿದ್ದಳು. ಆಮೇಲೆ ನನ್ನನ್ನು ಕರೆಯುತ್ತಿದ್ದಳು. ದುಡಿಯಲಿಕ್ಕೆ ಗೂಡ್ಸ್ ರಿಕ್ಷಾ, ಬೈಸಿಕೊಳ್ಳಲಿಕ್ಕೆ ಮನೆ, ಮಧ್ಯದಲ್ಲಿ ಈ ಸಿಂಕು.

ನಾನು ಮಾಡದೆ ಬಿಟ್ಟದ್ದಿಲ್ಲ. ಬಂಟ್ವಾಳದ ಅಂಗಡಿಯಿಂದ ಒಂದು ಬಾಟ್ಲಿ ತಂದು ಸುರಿದೆ. ಹತ್ತು ನಿಮಿಷದಲ್ಲಿ ಕ್ಲಿಯರ್ ಎಂದು ಅದರ ಮೇಲೆ ಬರೆದಿತ್ತು. ಬರೆದವನು ನಮ್ಮ ಮನೆಗೆ ಬಂದವನಲ್ಲ. ಮೊಬೈಲಿನಲ್ಲಿ ನೋಡಿ ಸೋಡಾಪುಡಿ, ವಿನೆಗರ್ ಹಾಕಿದೆ. ನೊರೆ ಬಂತು, ಹೋಯಿತು. ಕುದಿಯುವ ನೀರು ಹಾಕಿದರೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಅದೇ ವಾಸನೆ. ತೂತಿಗೆ ಬೆರಳು ಹಾಕಿದರೆ ಮತ್ತೆ ಅದೇ ಲೋಳೆ.

ಆ ವಾರ ಅಮ್ಮ ಕಕ್ಕಿಂಜೆಗೆ, ಅತ್ತಿಗೆಯ ತಾಯಿಗೇ ಫೋನ್ ಮಾಡಿದಳು. "ನಿಮ್ಮ ಮಗಳಿಗೆ ಅಡುಗೆಮನೆಯಲ್ಲಿ ತಲೆ ಬಾಚಬಾರದು ಅಂತ ಹೇಳಿಕೊಟ್ಟಿಲ್ವಾ? ನಮ್ಮ ಪೈಪ್ ಇಡೀ ಕೂದಲು" ಎಂದಳು. ಅತ್ತಿಗೆ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮರುದಿನ ಬ್ಯಾಗು ತುಂಬಿಸಿದರು. ನಾಲ್ಕು ದಿನ ತವರಿಗೆ ಹೋಗುವವರು ಮದುವೆಯ ಸೀರೆಯನ್ನೆಲ್ಲ ತೆಗೆದುಕೊಂಡು ಹೋಗುವುದಿಲ್ಲ. ಅದು ನನಗೂ ಗೊತ್ತಾಯಿತು, ಅಮ್ಮನಿಗೂ ಗೊತ್ತಾಯಿತು. ಶನಿವಾರ ಮಧ್ಯಾಹ್ನ ಅವರ ಅಣ್ಣ ಅಶೋಕ್ ಕಾರು ತರುವುದೆಂದು ನಿಶ್ಚಯವಾಯಿತು.

ಶನಿವಾರ ನನಗೆ ಮಿಜಾರಿಗೆ ಕುರ್ಚಿ ಸಾಗಿಸುವ ಬಾಡಿಗೆ ಇತ್ತು. ಅದನ್ನು ಬಿಟ್ಟೆ. ಇವತ್ತು ಈ ಪೈಪನ್ನು ಬಿಚ್ಚಿ ಆ ಕೂದಲನ್ನು ಹೊರಗೆ ಎಳೆದು ಅಮ್ಮನ ಕೈಗೆ ಕೊಡುತ್ತೇನೆ, ಅಥವಾ ಕೂದಲಿಲ್ಲ ಎಂದು ತೋರಿಸುತ್ತೇನೆ. ಎರಡರಲ್ಲಿ ಒಂದು ಮುಗಿಯಲಿ ಎಂದು ಹೊರಟೆ. ಅಷ್ಟು ಸಿಟ್ಟು ಬಂದಿತ್ತು.

"ಯಾರೂ ನಲ್ಲಿ ಮುಟ್ಟಬೇಡಿ. ನಾನು ಹೊರಗಿನಿಂದ ಪೈಪಿಗೆ ಕೇಬಲ್ ಹಾಕಿ ಕುತ್ತುತ್ತೇನೆ" ಎಂದು ಕೂಗಿ ಹೇಳಿದೆ.

ಸಿಂಕಿನ ಪೈಪು ಗೋಡೆ ದಾಟಿ ಹಿತ್ತಲಿನ ಬಾಳೆಬುಡಕ್ಕೆ ಬೀಳುತ್ತದೆ. ಹಾಕಿದವನು ಇಳಿಜಾರು ಕೊಟ್ಟಿರಲಿಲ್ಲ. ಅವನಿಗೂ ಒಂದು ಬೈಗುಳ ಬೈದೆ. ರಿಕ್ಷಾದ ಹಳೆಯ ಕ್ಲಚ್ ಕೇಬಲಿನ ತುದಿಗೆ ತೆಂಗಿನ ನಾರನ್ನು ಗಟ್ಟಿಯಾಗಿ ಸುತ್ತಿ, ಬಾಳೆಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪಿನೊಳಗೆ ತಳ್ಳಿದೆ. ತಿರುಗಿಸಿ ತಿರುಗಿಸಿ ಎಳೆದೆ.

ಬಂತು. ಎಳೆ ಬೊಂಡದ ಒಳಗಿನ ತಿರುಳಿನ ಹಾಗೆ ಬೆಳ್ಳಗೆ, ಅಲ್ಲಲ್ಲಿ ಬೂದಿ ಬಣ್ಣದ ಲೋಳೆ, ಪೈಪಿನ ಆಕಾರದಲ್ಲೇ ಉದ್ದಕ್ಕೆ ಕಳಚಿಕೊಂಡು ಬಂತು. ಕಡ್ಡಿಯಿಂದ ಬಿಡಿಸಿ ಬಿಡಿಸಿ ನೋಡಿದೆ. ಒಂದು ಎಳೆ ಕೂದಲಿಲ್ಲ. ಮೂಗಿಗೆ ಹತ್ತಿರ ತಂದೆ. ಮೀನಿನ ವಾಸನೆಯೂ ಅಲ್ಲ, ಎಣ್ಣೆಯದೂ ಅಲ್ಲ. ಹಳಸಿದ ಗಂಜಿಯ ಹುಳಿ ವಾಸನೆ.

ಇದೇನೆಂದು ಯೋಚಿಸುತ್ತ ಇನ್ನೊಮ್ಮೆ ಪೈಪಿನ ಬಾಯಿಗೆ ಕೈಯಿಟ್ಟೆ. ಆಗಲೇ ಒಳಗಿನಿಂದ ಗುಳುಗುಳು ಸದ್ದಾಗಿ ಬಿಸಿ ಬಿಸಿಯಾದ ಬಿಳಿ ತಿಳಿ ಮುಂಗೈ ಮೇಲೆ ಸುರಿದು ಸುಟ್ಟಿತು. ಪೈಪು ಕ್ಲೀನ್ ಆದದ್ದೇ ತಡ, ಒಂದು ಹನಿಯೂ ಒಳಗೆ ನಿಲ್ಲಲಿಲ್ಲ.

ಕೈ ಕೊಡವುತ್ತ ಅಡುಗೆಮನೆಗೆ ನುಗ್ಗಿದೆ. ಅಮ್ಮ ಕುಚ್ಚಲಕ್ಕಿ ಅನ್ನದ ಪಾತ್ರೆಗೆ ಮುಚ್ಚಳ ಒತ್ತಿ, ಸಿಂಕಿನ ಅಂಚಿಗೆ ಓರೆಯಾಗಿಸಿ ಗಂಜಿ ತಿಳಿ ಬಸಿಯುತ್ತಿದ್ದಳು.

"ನಲ್ಲಿ ಮುಟ್ಟಬೇಡಿ ಅಂದಿದ್ದೆ."

"ನಲ್ಲಿ ಯಾರು ಮುಟ್ಟಿದ್ದು? ನಾನು ಅನ್ನ ಬಸಿದದ್ದು."

"ದಿನಾ ಇದಕ್ಕೇ ಬಸೀತೀಯಾ?"

"ಮತ್ತೆ ಎಲ್ಲಿಗೆ? ಹಟ್ಟಿಯಲ್ಲಿ ದನ ಉಂಟಾ?"

ದನ ಇಲ್ಲ. ಅಮ್ಮನಿಗೆ ಮಂಡಿನೋವು ಎಂದು ಬೊಳ್ಳಿಯನ್ನು ಪಕ್ಕದ ಮನೆಯ ರಾಫಿಯಾಕ್ಕನಿಗೆ ಮಾರಿದ್ದು ಮದುವೆಯ ತಿಂಗಳಲ್ಲಿ. ಅಲ್ಲಿಯವರೆಗೆ ಈ ಮನೆಯ ಒಂದು ತೊಟ್ಟು ತಿಳಿ ಸಿಂಕಿಗೆ ಬಿದ್ದದ್ದಿಲ್ಲ. ಎಲ್ಲವೂ ಬಕೆಟಿಗೆ, ಬಕೆಟು ಬೊಳ್ಳಿಯ ಎದುರಿಗೆ. ದನ ಹೊರಗೆ ಹೋದದ್ದು ಮತ್ತು ಸೊಸೆ ಒಳಗೆ ಬಂದದ್ದು ಒಟ್ಟಿಗೇ. ಅಮ್ಮನಿಗೆ ಕಂಡದ್ದು ಸೊಸೆ ಮಾತ್ರ.

ಪೇಪರಿನ ಮೇಲೆ ಆ ಲೋಳೆಯನ್ನು ತಂದು ಸ್ಲ್ಯಾಬಿನ ಮೇಲೆ ಇಟ್ಟೆ. "ಮೂಸಿ ನೋಡು. ಕೂದಲು ಎಲ್ಲುಂಟು ತೋರಿಸು."

ಅಮ್ಮ ಮೂಸಿದಳು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

"ಅಂಗಳಕ್ಕಾದರೂ ಚೆಲ್ಲಬಹುದಿತ್ತಲ್ಲ" ಎಂದೆ.

"ಅನ್ನದ ತಿಳಿಯನ್ನು ಕಾಲಡಿಗೆ ಹಾಕುವುದಾ? ನಿನ್ನ ಅಜ್ಜಿ ಇದ್ದಿದ್ದರೆ ಬೆನ್ನಿಗೆ ಸೌಟು ಬೀಳ್ತಿತ್ತು."

"ರಾಫಿಯಾಕ್ಕನಿಗೆ ಕೊಡು. ಬೊಳ್ಳಿ ಅಲ್ಲೇ ಅಲ್ವಾ ಇರುವುದು?"

"ಮಾರಿದ ದನಕ್ಕೆ ನಾನು ತಿಳಿ ಹೊತ್ತುಕೊಂಡು ಹೋಗ್ಲಿಕ್ಕಾ? ನೀವು ಅದಕ್ಕೆ ಸರಿ ಮೇವು ಹಾಕುವುದಿಲ್ಲ ಅಂತ ಅವರಿಗೆ ಹೇಳಿದ ಹಾಗೆ ಆಗ್ತದೆ, ಮಾರಾಯ."

ನಾನು ಅತ್ತಿಗೆಯ ಕಡೆಗೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ಸಂಶಯ ಇತ್ತು. ನಮ್ಮ ಮನೆಯಲ್ಲೂ ಒಮ್ಮೆ ಹೀಗೇ ಕಟ್ಟಿತ್ತು."

"ಹೇಳಬಾರದಿತ್ತಾ?"

"ಬಂದ ತಿಂಗಳಲ್ಲೇ ಅತ್ತೆಗೆ ಅನ್ನ ಬಸಿಯಲಿಕ್ಕೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತಾ?"

ಹೊರಗೆ ಕಾರಿನ ಹಾರ್ನ್ ಕೇಳಿತು. ಅಶೋಕ್ ಒಳಗೆ ಬಂದವನೇ ಚಾವಡಿಯಲ್ಲಿದ್ದ ಬ್ಯಾಗು ಎತ್ತಿದ. ಕೂರಲಿಲ್ಲ.

"ಊಟ ಮಾಡಿ ಹೋಗುವ" ಎಂದಳು ಅಮ್ಮ.

"ಬೇಡ ಅತ್ತೆ. ನವ್ಯಾ, ಹೋಗುವನಾ?"

ಅತ್ತಿಗೆ ಕದಲಲಿಲ್ಲ. "ಅತ್ತೆ, ಅಮ್ಮನಿಗೆ ಫೋನಿನಲ್ಲಿ ಹೇಳಿದ್ದನ್ನು ಅಣ್ಣನೆದುರು ಸರಿ ಮಾಡಿ. ಹೋಗುವುದು ಬಿಡುವುದು ಆಮೇಲೆ ನೋಡುವ."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒರೆಸಲು ಏನೂ ಉಳಿದಿರಲಿಲ್ಲ, ಆದರೂ ಒರೆಸಿದಳು. ಇಷ್ಟು ಹೇಳಲು ಇಷ್ಟು ಹೊತ್ತಾ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿದೆ.

"ಅಶೋಕಾ, ನಿನ್ನ ಅಮ್ಮನಿಗೆ ಹೇಳು. ಪೈಪಿನಲ್ಲಿ ಕೂದಲು ಇರಲಿಲ್ಲ."

"ಮತ್ತೆ ಏನಿತ್ತು?"

"ಗಂಜಿ ತಿಳಿ ಕಟ್ಟಿತ್ತು. ನಾನು ಹಾಕಿದ್ದು."

ಅಶೋಕ್ ತಂಗಿಯ ಮುಖ ನೋಡಿದ. ಅತ್ತಿಗೆ ಅವನ ಕೈಯಿಂದ ಬ್ಯಾಗು ತೆಗೆದುಕೊಂಡು ಕೋಣೆಯ ಒಳಗೆ ಇಟ್ಟು ಬಂದರು. "ಕೂತ್ಕೋ ಅಣ್ಣ, ಬಂಗುಡೆ ಗಸಿ ಉಂಟು" ಎಂದರು. ಆಮೇಲೆ ಹಟ್ಟಿಯಿಂದ ಬೊಳ್ಳಿಯ ಹಳೆಯ ಬಕೆಟು ತಂದು ತೊಳೆದು, ಪಾತ್ರೆಯಲ್ಲಿ ಉಳಿದಿದ್ದ ತಿಳಿಯನ್ನು ಅದಕ್ಕೆ ಬಸಿದರು.

"ನಾನು ಕೊಡ್ತೇನೆ ಅತ್ತೆ. ಸೊಸೆ ಕೊಟ್ಟರೆ ರಾಫಿಯಾಕ್ಕ ತಪ್ಪು ತಿಳಿಯುವುದಿಲ್ಲ."

ಅಮ್ಮ ಉಪ್ಪಿನ ಡಬ್ಬಿಯನ್ನು ಅತ್ತಿಗೆಯ ಕಡೆಗೆ ದೂಡಿದಳು. "ಬಿಸಿ ಆರಿದ ಮೇಲೆ ಕೊಡು. ಅದಕ್ಕೆ ಒಂದು ಹಿಡಿ ಉಪ್ಪು ಹಾಕು, ಬೊಳ್ಳಿಗೆ ಉಪ್ಪಿಲ್ಲದಿದ್ದರೆ ಆಗುವುದಿಲ್ಲ" ಎಂದಳು.

ನಾನು ಮತ್ತೆ ಬಾಳೆಬುಡಕ್ಕೆ ಹೋಗಿ ಪೈಪಿನ ಉಳಿದ ಲೋಳೆಯನ್ನೆಲ್ಲ ಕೆರೆದೆ. ಬಟ್ಟೆಸೋಡಾ ಕಲಸಿದ ಬಿಸಿನೀರು ಹಾಕಿ ತೊಳೆದೆ. ಒಳಗೆ ಮೂವರೂ ಉಣ್ಣುವ ಸದ್ದು ಕೇಳುತ್ತಿತ್ತು. ಆರಿದ ತಿಳಿಯನ್ನು ಅತ್ತಿಗೆ ಕಂಪೌಂಡಿನ ಮೇಲಿಂದ ದಾಟಿಸಿದಾಗ, ಆಚೆಯಿಂದ ರಾಫಿಯಾಕ್ಕ ನನ್ನ ಕಡೆ ಇಣುಕಿ, "ಎಂತ ಶೋಧನ್, ಕೈ ಕೆಂಪಾಗಿದೆ?" ಎಂದರು.

ಆ ಮನೆಯಲ್ಲಾಗಲಿ ಈ ಮನೆಯಲ್ಲಾಗಲಿ, ಅದನ್ನು ಕೇಳಿದ್ದು ಅವರೊಬ್ಬರೇ.