ಕ್ರೇನ್ ತರಬೇತಿಗೆ ಹೋಗಬೇಕಾದವಳು

ಇಪ್ಪತ್ತೆರಡು ಮಹಡಿಯ ಆ ಕಟ್ಟಡದಲ್ಲಿ ಯಾರು ಎಲ್ಲಿ ಕೆಲಸ ಮಾಡಬೇಕೆಂದು ದಿನವೂ ಪಟ್ಟಿ ಬರೆಯುತ್ತಿದ್ದವನನ್ನು ಎಲ್ಲರೂ ಪಟ್ಟಿ ಸಾಹೇಬ ಎನ್ನುತ್ತಿದ್ದರು. ಅವನ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ಚುರುಕಕ್ಕನದು. ಸ್ಲ್ಯಾಬಿನ ಕಂಬಿಗಳನ್ನು ತಂತಿಯಿಂದ ಬಿಗಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಂಡಸರು ಒಂದು ಸಾಲು ಮುಗಿಸಿ ಸೊಂಟ ಹಿಡಿದು ಏಳುವಷ್ಟರಲ್ಲಿ ಅವಳು ಮೂರನೆಯ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು.

ಆರು ತಿಂಗಳಿಗೊಮ್ಮೆ ಇಬ್ಬರು ಕೆಲಸಗಾರರನ್ನು ಕ್ರೇನ್ ನಡೆಸಲು ಕಲಿಯುವುದಕ್ಕೆ ಕಳಿಸುತ್ತಿದ್ದರು. ಹೆಸರು ಕೊಡಬೇಕಾದವನು ಪಟ್ಟಿ ಸಾಹೇಬ.

"ಸಾಹೇಬ್ರೇ, ಈ ಸಲ ನನ್ನ ಹೆಸರು ಹಾಕಿ. ಹದಿನಾಲ್ಕು ವರ್ಷ ಬಗ್ಗಿದ್ದು ಸಾಕು. ಇನ್ನಾದ್ರೂ ಕುರ್ಚಿ ಮೇಲೆ ಕೂತು ಕೆಲಸ ಮಾಡ್ತೀನಿ."

"ಖಂಡಿತ ಅಕ್ಕ. ಈ ಮಹಡಿ ಒಂದು ಮುಗೀಲಿ."

ಅವನು ಸುಳ್ಳು ಹೇಳಲಿಲ್ಲ; ಹೇಳುವಾಗ ಮನಸ್ಸಿನಲ್ಲಿ ಹಾಗೇ ಇತ್ತು. ಆದರೆ ಅವಳನ್ನು ಆರು ವಾರ ಬಿಟ್ಟುಕೊಟ್ಟರೆ ಪ್ರತಿ ಮಹಡಿಯೂ ಎರಡು ದಿನ ಹಿಂದೆ ಬೀಳುತ್ತಿತ್ತು. ಮ್ಯಾನೇಜರ್ ಸುಮ್ಮನಿರುವ ಆಸಾಮಿಯಲ್ಲ. ಹಾಗಾಗಿ ಕೆಲಸ ಅಷ್ಟಕ್ಕಷ್ಟೇ ಬರುವ ಇಬ್ಬರನ್ನು ಕಳಿಸಿದ. ಅವರು ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಮುಂದಿನ ಸಲವೂ ಅದೇ ಆಯಿತು. ಮೂರನೆಯ ಸಲ ಅವಳು ಕೇಳಲೇ ಇಲ್ಲ. ಅವನು ಹತ್ತಿರ ಬಂದರೂ ಕಂಬಿಯ ಮೇಲಿನಿಂದ ತಲೆ ಎತ್ತಲಿಲ್ಲ.

ನಾಲ್ಕನೆಯ ಸಲ ಅವನ ಮನಸ್ಸು ತಡೆಯಲಿಲ್ಲ. ಮ್ಯಾನೇಜರ್ ಬೈದರೆ ಬೈಯಲಿ ಎಂದುಕೊಂಡು ಅವಳ ಹೆಸರು ಬರೆದ. ಹೋದವಳು ಮೂರೇ ದಿನಕ್ಕೆ ವಾಪಸು ಬಂದಳು.

"ಏನಾಯ್ತು ಅಕ್ಕ?"

"ಡಾಕ್ಟ್ರು ಪರೀಕ್ಷೆ ಮಾಡಿದ್ರು. ಕಣ್ಣು ಮುಚ್ಕೊಳ್ಳಿ ಅಂತ ಹೇಳಿ ಬೆರಳಿಗೆ ಸೂಜಿ ಚುಚ್ಚಿದ್ರಂತೆ. ನಂಗೆ ಗೊತ್ತೇ ಆಗ್ಲಿಲ್ಲ." ಬಲಗೈಯನ್ನು ಬೇರೆ ಯಾರದೋ ಎಂಬಂತೆ ಮುಂದೆ ಚಾಚಿದಳು. "ತಂತಿ ತಿರುಚಿ ತಿರುಚಿ ನರ ಸತ್ತಿದೆಯಂತೆ. ಕ್ರೇನ್ ನಡೆಸೋ ಕೈ ಇದಲ್ಲ ಅಂದ್ಬಿಟ್ರು."

"ಯಾವಾಗಿಂದ ಹೀಗೆ?"

"ಹೋದ ವರ್ಷದಿಂದ ಜುಮ್ ಅಂತಿತ್ತು. ಹೇಳಿದ್ರೆ ಇರೋ ಕೆಲಸದಿಂದ್ಲೂ ತೆಗೀತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

ತರಬೇತಿಗೆ ಕಳಿಸಿ ಎಂದು ಅವಳು ಮೊದಲ ಸಲ ಕೇಳಿದ್ದು ಅದಕ್ಕೂ ಮುಂಚೆ.

ಮರುದಿನ, ಹೊಸ ಕಾಂಕ್ರೀಟು ಒಣಗಿ ಬಿರಿಯದಂತೆ ನೀರು ಹಾಯಿಸುವವರ ಸಾಲಿಗೆ ಅವಳ ಹೆಸರು ಇಳಿಯಿತು. ಕಂಬಿ ಕಟ್ಟುವವರಲ್ಲಿ ಈಗ, ಅದೇ ಕಟ್ಟಡದಲ್ಲಿ ಕೆಲಸಕ್ಕಿದ್ದ ಅವಳ ತಂಗಿಯೇ ಮುಂದು.

"ಅವಳನ್ನ ಮಾತ್ರ ಎಲ್ಲೂ ಬಿಡಬೇಡ," ಎಂದ ಮ್ಯಾನೇಜರ್. "ಅಕ್ಕ ಹೋದ್ರೇನು, ತಂಗಿ ಇದ್ದಾಳಲ್ಲ!"

ಮ್ಯಾನೇಜರ್ ನಗುತ್ತ ಹೋದ ಮೇಲೆ ಪಟ್ಟಿ ಸಾಹೇಬ ಪಟ್ಟಿ ಕೈಗೆತ್ತಿಕೊಂಡ. ತರಬೇತಿಯಲ್ಲಿ ಅಕ್ಕನಿಂದ ಖಾಲಿ ಉಳಿದಿದ್ದ ಜಾಗಕ್ಕೆ ತಂಗಿಯ ಹೆಸರು ಬರೆದು, ಅವಳನ್ನು ಮಧ್ಯಾಹ್ನವೇ ಕಳಿಸಿಬಿಟ್ಟ. ಸುದ್ದಿ ತಿಳಿಸಲು ಹದಿನೇಳನೆಯ ಮಹಡಿಗೆ ಹತ್ತಿ ಹೋದ. ಚುರುಕಕ್ಕ ಪೈಪನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು.

"ನಿಮ್ಮ ತಂಗೀನ ಕ್ರೇನ್ ಕಲಿಯೋಕೆ ಕಳಿಸಿದೆ ಅಕ್ಕ."

"ಒಳ್ಳೇದಾಯ್ತು." ಪೈಪನ್ನು ಇನ್ನೊಂದು ಕಡೆಗೆ ತಿರುಗಿಸಿದಳು. "ಅದಕ್ಕೆ ನನ್ನ ಕೈ ಹೋಗಬೇಕಾಯ್ತಾ, ಸಾಹೇಬ್ರೇ?"

ನೀರು ಹರಿದು ಬಂದು ಅವನ ಬೂಟನ್ನು ತೋಯಿಸಿತು.

"ಪಕ್ಕಕ್ಕೆ ಸರೀರಿ," ಎಂದಳು ಅವಳು. "ಆ ಮೂಲೆ ಒಣಗ್ತಾ ಇದೆ."